ಊರುಭಂಗದ ಊರಿನಲ್ಲಿ ಓಟ

‘ಊರು’ ಎಂಬ ಶಬ್ದಕ್ಕೆ ನಮ್ಮಲ್ಲಿ ಎರಡು ಅರ್ಥಗಳುಂಟು. ಅಚ್ಚಗನ್ನಡದ ಊರು ನಾವು ಬಾಳುವ ನೆಲೆ. ಸಂಸ್ಕೃತದಿಂದ ಬಂದ ಊರು ತೊಡೆ. ಮುಧೋಳದವನಾದ ನನಗೆ ಇವೆರಡೂ ಒಟ್ಟಾಗಿಯೇ ನೆನಪಿಗೆ ಬರುತ್ತವೆ. ಹಿಂದೆ ಮುದುವೊಳಲೆನಿಸಿದ್ದ ಈ ಊರಿನ ಬಳೆಗಾರರ ಮನೆತನದಲ್ಲಿ ಕ್ರಿ. ಶ. ೯೪೯ರಲ್ಲಿ ಹುಟ್ಟಿದ ರನ್ನನು, ತೊಡೆ ಮುರಿದು ಬಿದ್ದ ಅರಸನೊಬ್ಬನ ಕಥೆಯನ್ನು ಬರೆದು ಕನ್ನಡದ ರತ್ನತ್ರಯರಲ್ಲಿ ಒಬ್ಬನೆನಿಸಿದನು. ಹೈಸ್ಕೂಲಿನ ಮಕ್ಕಳಿಗೆ ‘ಗದಾಯುದ್ಧ’ದ ಪಾಠ ಹೇಳುತ್ತಿದ್ದ ದಿನಗಳಲ್ಲಿ ನನಗೊಂದು ವಿಚಾರ ಹೊಳೆದಿತ್ತು: ವೀರರ ಬಲವೆಲ್ಲ ತೋಳಿನಲ್ಲಿದ್ದರೂ ಅವರ ಕೇಡು ಮಾತ್ರ ಸೊಂಟದ ಕೆಳಗೆ. ದುರ್ಯೋಧನನಿಗೆ ತೊಡೆ, ಗ್ರೀಕರ ಅಕಿಲೀಸನಿಗೆ ಹಿಮ್ಮಡಿ. ಶ್ರೀಕೃಷ್ಣನಿಗೂ ಬೇಡನ ಬಾಣ ತಾಗಿದುದು ಅಂಗಾಲಿಗೆ. ಆಗ ಇದನ್ನು ತರಗತಿಯ ಮುಂದೆ ಚಮತ್ಕಾರದ ಮಾತಾಗಿ ಆಡಿದ್ದೆ. ಅರವತ್ತು ದಾಟಿಯೂ ಓಟವನ್ನು ಬಿಡದೆ ಇರುವ ಈಗ ಅದು ನನಗೆ ದಿನಚರಿಯ ವಿಷಯವಾಗಿದೆ.

ಓಟವೆಂದೊಡನೆ ವಾಚಕರು ಪದಕಗಳನ್ನು ಕಲ್ಪಿಸಿಕೊಳ್ಳಬಾರದು. ನಾನು ಹವ್ಯಾಸಿ. ನಲವತ್ತೆರಡನೆಯ ವಯಸ್ಸಿನಲ್ಲಿ ಆರಂಭಿಸಿದವನು, ಯಾರನ್ನೂ ಹಿಂದೆ ಹಾಕಿದವನಲ್ಲ. ಹವ್ಯಾಸಿಯ ಓಟದ ಲಕ್ಷಣವೇ ಇದು: ಅವನು ಗೆಲ್ಲಬೇಕಾದ ಎದುರಾಳಿ ಎಂಬುವನು ಇರುವುದಿಲ್ಲವಾದ್ದರಿಂದ, ಸೋತೆನೆಂದು ನಿಲ್ಲಿಸುವ ಅನುಕೂಲವೂ ಅವನಿಗಿಲ್ಲ. ಬೆಳಗಿನ ಐದು ಗಂಟೆಗೆ ಜಮಖಂಡಿಯ ರಸ್ತೆ ಹಿಡಿದರೆ ಎರಡೂ ಬದಿಗೆ ಕಬ್ಬಿನ ಗದ್ದೆ, ನೀರು ಹಾಯಿಸಿದ ಎರೆಯ ಮಣ್ಣಿನ ವಾಸನೆ, ಹಂಗಾಮಿನ ದಿನಗಳಲ್ಲಿ ಕಾರಖಾನೆಯತ್ತ ಸಾಲು ಹಿಡಿದ ಟ್ರ್ಯಾಕ್ಟರುಗಳು. ಮೊದಲ ವರ್ಷ ಎದುರಾದವರೆಲ್ಲ ಒಂದೇ ಪ್ರಶ್ನೆ ಕೇಳಿದರು: “ಯಾಕ್ರೀ ಮಾಸ್ತರ, ಯಾವ ಬಸ್ಸ ತಪ್ಪೇತ್ರಿ?” ಬೇಟೆನಾಯಿಗೆ ಹೆಸರಾದ ಊರು ನಮ್ಮದು. ೨೦೦೫ರಲ್ಲಿ ಅಂಚೆ ಇಲಾಖೆಯವರು ಈ ನಾಯಿಯ ಚಿತ್ರವಿರುವ ಅಂಚೆಚೀಟಿಯನ್ನೂ ಹೊರಡಿಸಿದ್ದಾರೆ. ಆದಕಾರಣ ನನ್ನ ಸ್ನೇಹಿತರೊಬ್ಬರ ಟೀಕೆ ಇನ್ನೂ ಮೊನಚಾಗಿತ್ತು: “ಮುಧೋಳದಾಗ ಓಡೂದು ನಾಯಿ ಕೆಲಸರೀ, ಮನಶಾರದ್ದಲ್ಲ.”

ಆದರೂ ದೂರದ ಓಟ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ೧೯೨೦ರಲ್ಲಿ ಬೆಲ್ಜಿಯಮ್ಮಿನ ಆಂಟ್ವರ್ಪ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದಾಗ, ಹಿಂದೂಸ್ಥಾನದಿಂದ ಹೋದ ಮೊದಲ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಪುಣೆಯ ಡೆಕ್ಕನ್ ಜಿಮಖಾನಾದ ಪಂದ್ಯಗಳಲ್ಲಿ ಒಕ್ಕಲು ಮಕ್ಕಳು ಬರಿಗಾಲಿನಲ್ಲಿ ಓಡಿದುದನ್ನು ಕಂಡು ಬೆರಗಾದ ಸರ್ ದೊರಾಬ್ಜಿ ಟಾಟಾ ಅವರೇ ಆ ತಂಡವನ್ನು ಕಳಿಸಲು ಮುಂದಾದವರು. ಆಂಟ್ವರ್ಪಿನ ಮ್ಯಾರಥಾನ್ ದಾರಿ ಮಾಮೂಲಿಗಿಂತ ತುಸು ಉದ್ದ, ಸುಮಾರು ೪೨.೭೫ ಕಿಲೋಮೀಟರು. ಚೌಗುಲೆಯವರು ಅದನ್ನು ೨ ಗಂಟೆ ೫೦ ನಿಮಿಷ ೪೫ ಸೆಕೆಂಡುಗಳಲ್ಲಿ ಮುಗಿಸಿ ಹತ್ತೊಂಬತ್ತನೆಯವರಾಗಿ ಬಂದರು. ಅವರ ಜೊತೆಗಾರ ದಾತಾರರಿಗೆ ಓಟವನ್ನು ಪೂರೈಸಲಾಗಲಿಲ್ಲ. ದಾಖಲೆಯ ಪುಸ್ತಕದಲ್ಲಿ ದಾತಾರರಿಗಿರುವುದು ಆ ಒಂದು ಸಾಲು. ಹೀಗೆ ಅರ್ಧಕ್ಕೆ ನಿಂತವರ ಬಗೆಗೆ ನನಗೆ ಈಚೆಗೆ ಗೆದ್ದವರಿಗಿಂತ ಹೆಚ್ಚು ಕುತೂಹಲ ಹುಟ್ಟಿದೆ.

ಕಾರಣ, ನನ್ನ ಎಡಗಾಲು. ಮೀನಖಂಡ ಸಣ್ಣಗಾಗುತ್ತ ಇಳಿದು ಹಿಮ್ಮಡಿಯ ಎಲುಬನ್ನು ಹಿಡಿಯುವೆಡೆಯಲ್ಲಿ, ಬೆರಳೆರಡರಷ್ಟು ಮೇಲೆ, ಒಂದು ಬೆಳಿಗ್ಗೆ ನೋವು ಕಾಣಿಸಿಕೊಂಡಿತು. ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗುವ ಹತ್ತು ಹೆಜ್ಜೆ ಕುಂಟುವುದು, ಆಮೇಲೆ ಏನೂ ಆಗದಂತೆ ಇರುವುದು. ಓಡುತ್ತ ಮೈ ಕಾದರೆ ನೋವೇ ಇಲ್ಲ. ಮರುದಿನ ಬೆಳಿಗ್ಗೆ ಬಡ್ಡಿ ಸಮೇತ ಹಾಜರು. ಸಾಲಗಾರರಲ್ಲಿಯೂ ಇಷ್ಟು ನಿಯಮನಿಷ್ಠರನ್ನು ನಾನು ಕಂಡಿಲ್ಲ.

ನಮ್ಮ ಜನ ಇದನ್ನು ‘ನರ ಹಿಡಿದಿದೆ’ ಎನ್ನುತ್ತಾರೆ. ಅದು ನರವಲ್ಲ, ಸ್ನಾಯುವನ್ನು ಎಲುಬಿಗೆ ಬಿಗಿಯುವ ಹುರಿ. ಪುಸ್ತಕದ ಭಾಷೆಯಲ್ಲಿ ಸ್ನಾಯುರಜ್ಜು. ಓಡುವಾಗ ಪ್ರತಿ ಹೆಜ್ಜೆಗೂ ದೇಹಭಾರದ ಆರೇಳು ಪಟ್ಟು ಭಾರವನ್ನು ಈ ಹುರಿ ತಾಳಿಕೊಳ್ಳುತ್ತದೆ. ಆದರೆ ಅದಕ್ಕೆ ದೊರೆಯುವ ರಕ್ತ ಮಾತ್ರ ಸ್ನಾಯುವಿಗೆ ದೊರೆಯುವುದಕ್ಕಿಂತ ಬಹಳ ಕಡಿಮೆ. ಓಟಗಾರನ ಮುಪ್ಪಿನ ಕಥೆಯೆಲ್ಲ ಈ ಮಾತಿನಲ್ಲಿ ಅಡಗಿದೆ. ಕೆಲವು ವಾರಗಳ ಅಭ್ಯಾಸದಿಂದ ಹೃದಯ, ಶ್ವಾಸಕೋಶಗಳು ಹುರುಪುಗೊಳ್ಳುತ್ತವೆ, ಸ್ನಾಯುವೂ ಬಲಗೊಳ್ಳುತ್ತದೆ, ಹುರಿಗೆ ಮಾತ್ರ ತಿಂಗಳುಗಳೇ ಬೇಕು. ವಯಸ್ಸಾದಂತೆ ಈ ಅಂತರ ಇನ್ನೂ ಹಿಗ್ಗುತ್ತದೆ. ಎದೆ ‘ಹೊರಡು’ ಎನ್ನುವಾಗ ಹಿಮ್ಮಡಿ ‘ತಾಳು’ ಎನ್ನುತ್ತದೆ.

ಮನೆಯವರು ಎಕ್ಕದ ಎಲೆಗೆ ಎಣ್ಣೆ ಸವರಿ ಕಾಸಿ ಕಟ್ಟಿದರು. ಅರಿಷಿಣದ ಲೇಪವೂ ಆಯಿತು. ಶಾಖದಿಂದ ಹಿತವೆನಿಸುವುದು ನಿಜ, ಅದನ್ನು ನಾನು ಅಲ್ಲಗಳೆಯಲಾರೆ. ದೊಡ್ಡ ಊರಿನ ವೈದ್ಯರೊಬ್ಬರು ಕಾಲನ್ನು ಮುಟ್ಟಿಯೂ ನೋಡದೆ, “ಈ ವಯಸ್ಸಿನಲ್ಲಿ ಓಡುವುದೇಕೆ? ನಡೆಯಿರಿ, ಸಾಕು” ಎಂದು ನೋವಿನ ಗುಳಿಗೆ ಬರೆದುಕೊಟ್ಟರು. ಬುದ್ಧಿವಾದವೇನೋ ಹೌದು, ಆದರೆ ಕಾಲು ಯಾಕೆ ನೋಯುತ್ತದೆಂಬ ನನ್ನ ಪ್ರಶ್ನೆಗೆ ಅದು ಉತ್ತರವಲ್ಲ. ಕಣ್ಣು ಮಂಜಾದವನಿಗೆ ಓದುವುದೇಕೆ ಎಂದು ಯಾರೂ ಕೇಳುವುದಿಲ್ಲ, ಕನ್ನಡಕ ಕೊಡುತ್ತಾರೆ.

ಆ ಕನ್ನಡಕವನ್ನು ಕೊಟ್ಟವನು ಫಿಜಿಯೋಥೆರಪಿ ಕಲಿತು ಬಂದ ನನ್ನ ಹಳೆಯ ವಿದ್ಯಾರ್ಥಿ. ಮನೆಯ ಮುಂದಿನ ಕಟ್ಟೆಯ ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಲ್ಲುವುದು, ಎರಡೂ ಕಾಲಿನಿಂದ ಮೇಲೇರಿ, ನೋಯುವ ಕಾಲೊಂದರ ಮೇಲೆಯೇ ಹಿಮ್ಮಡಿಯನ್ನು ಮೆಲ್ಲಗೆ ಮೆಟ್ಟಿಲಿಗಿಂತ ಕೆಳಕ್ಕೆ ಇಳಿಸುವುದು. ಹದಿನೈದರಂತೆ ಮೂರು ಸಲ, ಮಂಡಿ ನೆಟ್ಟಗಿಟ್ಟು ಒಮ್ಮೆ, ಬಗ್ಗಿಸಿ ಇನ್ನೊಮ್ಮೆ, ಬೆಳಿಗ್ಗೆ, ಸಂಜೆ. ದಿನಕ್ಕೆ ಒಟ್ಟು ೧೮೦. ಹೀಗೆ ಹನ್ನೆರಡು ವಾರ. ತುಸು ನೋವಾದರೂ ನಿಲ್ಲಿಸಬಾರದು. ನೋವೇ ಇಲ್ಲವಾದರೆ ಬೆನ್ನಿಗೊಂದು ಚೀಲ ಕಟ್ಟಿ ಭಾರ ಹೆಚ್ಚಿಸಬೇಕು! ಗಾಯಕ್ಕೆ ವಿಶ್ರಾಂತಿಯೇ ಮದ್ದೆಂದು ತಿಳಿದಿದ್ದ ನನಗೆ ಇದು ವಿಪರೀತವೆನಿಸಿತು.

ಇದರ ಹಿಂದಿನ ಕಥೆ ಕೇಳಿದ ಮೇಲೆ ಇನ್ನೂ ವಿಪರೀತವೆನಿಸಿತು. ಸ್ವೀಡನ್ನಿನ ಎಲುಬಿನ ಶಸ್ತ್ರವೈದ್ಯ ಹೋಕನ್ ಆಲ್ಫ್ರೆಡ್‌ಸನ್ ತಾನೇ ಓಟಗಾರ. ಅವನಿಗೂ ಇದೇ ಹುರಿಯ ನೋವು. ತನಗೆ ಶಸ್ತ್ರಕ್ರಿಯೆ ಮಾಡಿರೆಂದು ಮೇಲಧಿಕಾರಿಯನ್ನು ಕೇಳಿದರೆ ಅವನು ಒಪ್ಪಲಿಲ್ಲ. ಹುರಿಯನ್ನು ಇನ್ನಷ್ಟು ಕೆಡಿಸಿಕೊಂಡರೆ ಮಾಡಲೇಬೇಕಾದೀತೆಂದು ಆಲ್ಫ್ರೆಡ್‌ಸನ್ ಹಟ ಹಿಡಿದು ಈ ಇಳಿಸುವ ವ್ಯಾಯಾಮಕ್ಕೆ ತೊಡಗಿದ. ಹುರಿ ಕೆಡಲಿಲ್ಲ, ನೋವು ಹೋಯಿತು. ೧೯೯೮ರಲ್ಲಿ ಹದಿನೈದು ಮಂದಿ ಹವ್ಯಾಸಿಗಳ ಮೇಲೆ ಇದನ್ನು ಪ್ರಯೋಗಿಸಿ, ಹನ್ನೆರಡು ವಾರಗಳಲ್ಲಿ ಅವರೆಲ್ಲ ಓಟಕ್ಕೆ ಮರಳಿದುದನ್ನು ಪ್ರಕಟಿಸಿದ. ಮುಂದೆ ಎಲ್ಲರಿಗೂ ಅಷ್ಟು ಪೂರ್ಣವಾಗಿ ಗುಣ ಕಂಡಿಲ್ಲ. ಆದರೂ ಹುರಿಗೆ ಬೇಕಾದುದು ಬರಿಯ ವಿಶ್ರಾಂತಿಯಲ್ಲ, ಅಳತೆಯರಿತ ಭಾರ ಎಂಬ ತತ್ವ ನಿಂತಿತು.

ನಾನು ಕಟ್ಟೆಯ ಮೇಲೆ ಏರಿಳಿಯುವಾಗ ಮೊಮ್ಮಗಳು ಎಣಿಸುತ್ತಿದ್ದಳು. ಅವಳ ಮಗ್ಗಿ ಚೆನ್ನಾಗಿ ಗಟ್ಟಿಯಾಯಿತು. ಎಂಟನೆಯ ವಾರದವರೆಗೆ ನನ್ನ ಕಾಲಿಗೆ ಹೇಳಿಕೊಳ್ಳುವಂಥ ಗುಣವೇನೂ ಕಾಣಲಿಲ್ಲ.

ಇಲ್ಲಿ ಹಿರಿಯ ವಾಚಕರಿಗೆ ಒಂದು ಮಾತನ್ನು ಪ್ರತ್ಯೇಕವಾಗಿ ತಿಳಿಸಬೇಕೆನಿಸುತ್ತದೆ. ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಮೊದಲಾದ ಒಂದು ಜಾತಿಯ ಆ್ಯಂಟಿಬಯಾಟಿಕ್ ಗುಳಿಗೆಗಳು ಈ ಹುರಿಯನ್ನು ಊದಿಸುವುದೂ ಹರಿಯುವಂತೆ ಮಾಡುವುದೂ ಉಂಟು. ಅರವತ್ತು ದಾಟಿದವರಲ್ಲಿ, ಅದರಲ್ಲಿಯೂ ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಈ ಅಪಾಯ ಹೆಚ್ಚು. ೨೦೦೮ರಲ್ಲಿ ಅಮೇರಿಕದ ಔಷಧ ನಿಯಂತ್ರಣ ಸಂಸ್ಥೆಯವರು ಇದನ್ನು ಔಷಧದ ಮಾಹಿತಿಪತ್ರದಲ್ಲಿ ಎಚ್ಚರಿಕೆಯಾಗಿ ಅಚ್ಚು ಹಾಕಿಸಿದರು. ನಮ್ಮಲ್ಲಿ ನೆಗಡಿ, ಜ್ವರ ಬಂದರೆ ಅಂಗಡಿಗೆ ಹೋಗಿ ಹೆಸರು ಹೇಳಿ ಗುಳಿಗೆ ತರುವವರೇ ಬಹಳ. ಓಡುವವರು, ಓಡದವರು ಇಬ್ಬರೂ ವೈದ್ಯರನ್ನು ಕೇಳಿ ತೆಗೆದುಕೊಳ್ಳುವುದು ಲೇಸು. ಹಾಗೆಯೇ, ಹಿಮ್ಮಡಿಯ ಹಿಂದೆ ಯಾರೋ ಒದ್ದಂತಾಗಿ ಹೆಜ್ಜೆ ಎತ್ತಲಾರದಂತಾದರೆ ಅದು ಹುರಿ ಹರಿದ ಲಕ್ಷಣ. ಅದಕ್ಕೆ ಕಟ್ಟೆಯ ವ್ಯಾಯಾಮವೂ ಎಕ್ಕದ ಎಲೆಯೂ ಮದ್ದಲ್ಲ, ಆ ದಿನವೇ ಆಸ್ಪತ್ರೆಗೆ ಹೋಗಬೇಕು.

“ಓಡಿ ಓಡಿ ಮಂಡಿ ಸವೆಸಿಕೊಳ್ತೀರಿ” ಎಂಬುದು ಹಿತೈಷಿಗಳ ಇನ್ನೊಂದು ಮಾತು. ಅಮೇರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ೧೯೮೪ರಲ್ಲಿ ಐವತ್ತು ದಾಟಿದ ಐನೂರಕ್ಕೂ ಹೆಚ್ಚು ಓಟಗಾರರನ್ನೂ ನಾನೂರಕ್ಕೂ ಹೆಚ್ಚು ಓಡದವರನ್ನೂ ಆರಿಸಿಕೊಂಡು ಇಪ್ಪತ್ತೊಂದು ವರ್ಷ ಬೆನ್ನು ಹತ್ತಿ ನೋಡಿದರು. ಹತ್ತೊಂಬತ್ತನೆಯ ವರ್ಷದ ಹೊತ್ತಿಗೆ ಓಡದವರಲ್ಲಿ ನೂರಕ್ಕೆ ೩೪ ಮಂದಿ ತೀರಿಕೊಂಡಿದ್ದರು, ಓಟಗಾರರಲ್ಲಿ ನೂರಕ್ಕೆ ೧೫. ಏಳುವುದು, ನಡೆಯುವುದು, ಬಟ್ಟೆ ತೊಡುವುದು ಮುಂತಾದ ನಿತ್ಯದ ಕೆಲಸಗಳು ದುಸ್ತರವಾಗುವ ಕಾಲವೂ ಓಟಗಾರರಿಗೆ ಎಷ್ಟೋ ವರ್ಷ ತಡವಾಗಿ ಬಂದಿತ್ತು. ಅವರಲ್ಲಿ ಕೆಲವರ ಮಂಡಿಯ ಚಿತ್ರ ತೆಗೆದು ನೋಡಿದಾಗ ಸವೆತ ಓಡದವರಿಗಿಂತ ಹೆಚ್ಚಾಗಿರಲಿಲ್ಲ. ಮೊದಲೇ ಗಟ್ಟಿಮುಟ್ಟಾದವರೇ ಓಟಕ್ಕೆ ಬಂದಿರಬಹುದಲ್ಲ ಎಂದು ಕೇಳುವ ಹಕ್ಕು ಚತುರ ವಿದ್ಯಾರ್ಥಿಗಿದೆ. ಆ ಸಂದೇಹ ಪೂರ್ತಿ ನೀಗುವಂಥದಲ್ಲ. ಆದರೆ ಮಂಡಿಯ ಭಯವೊಂದನ್ನೇ ಮುಂದಿಟ್ಟು ಮುದುಕರನ್ನು ಕುಳ್ಳಿರಿಸುವವರಿಗೆ ಈ ಅಂಕಿಗಳು ಸಾಕು.

ಎಡ್ ವಿಟ್ಲಾಕ್ ಎಂಬ ಆಂಗ್ಲ ಮೂಲದ ಕೆನಡಾದವನನ್ನು ನಾನು ಗುರುವೆಂದು ಭಾವಿಸಿದ್ದೇನೆ. ೨೦೦೪ರಲ್ಲಿ, ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಮ್ಯಾರಥಾನನ್ನು ೨ ಗಂಟೆ ೫೪ ನಿಮಿಷ ೪೮ ಸೆಕೆಂಡುಗಳಲ್ಲಿ ಓಡಿದನು. ಎಂಬತ್ತೈದರಲ್ಲಿಯೂ ನಾಲ್ಕು ಗಂಟೆಯೊಳಗೆ ಮುಗಿಸಿ, ಮರುವರ್ಷ ೨೦೧೭ರಲ್ಲಿ ತೀರಿಕೊಂಡನು. ಅವನು ಅಭ್ಯಾಸ ಮಾಡುತ್ತಿದ್ದುದು ಮನೆಯ ಹತ್ತಿರದ ಸ್ಮಶಾನದಲ್ಲಿ. ಸಣ್ಣ ಸುತ್ತು, ಸಣ್ಣ ಹೆಜ್ಜೆ, ಗಂಟೆಗಟ್ಟಲೆ. ನನ್ನ ಮನಸ್ಸನ್ನು ಹಿಡಿದದ್ದು ಈ ದಾಖಲೆಗಳಲ್ಲ. ಮಂಡಿಯ ಬೇನೆ ಬಂದಾಗ ಅವನು ತಿಂಗಳುಗಟ್ಟಲೆ ಓಟವನ್ನು ಬಿಟ್ಟು, ಗುಣವಾದೊಡನೆ ಹೊಸಬನಂತೆ ಅಲ್ಪದಿಂದ ಮತ್ತೆ ಆರಂಭಿಸುತ್ತಿದ್ದನು. ಎಪ್ಪತ್ತೈದರ ಮುದುಕ ಮರಳಿ ಮೊದಲನೆಯ ಪಾಠಕ್ಕೆ ಕೂಡುವುದೆಂದರೆ! ಎಳೆಯರಿಗೆ ಅದೊಂದು ಬೇಸರ, ಅಷ್ಟೆ. ಮುಂದಿರುವ ವರ್ಷಗಳು ಎಣಿಕೆಗೆ ಸಿಗುವಾಗ ಅದಕ್ಕೆ ಬೇರೆಯೇ ಎದೆಗಾರಿಕೆ ಬೇಕು.

ನಮ್ಮ ತಂದೆಯವರು ಕಡೆಯ ನಾಲ್ಕು ವರ್ಷ ಹೊಸ್ತಿಲು ದಾಟಲಿಲ್ಲ. ಮನಸ್ಸು ಚುರುಕಾಗಿತ್ತು, ಮಾತು ಸ್ಪಷ್ಟವಾಗಿತ್ತು, ಕಾಲು ಕೈಕೊಟ್ಟಿತ್ತು. ಪಡಸಾಲೆಯ ಮಂಚದ ಮೇಲೆ ಮಲಗಿಕೊಂಡು, ಬಂದವರನ್ನು ಹೊಲದ ಸುದ್ದಿ, ನದಿಯ ನೀರಿನ ಸುದ್ದಿ ಕೇಳುವರು. ಘಟಪ್ರಭೆಗೆ ಮಹಾಪೂರ ಬಂದಾಗಲೂ ಅವರು ಅದನ್ನು ಕಿವಿಯಿಂದಲೇ ಕಂಡರು. ತೊಡೆ ಮುರಿದೊಡನೆ ದುರ್ಯೋಧನನ ಪ್ರಾಣ ಹೋಗುವುದಿಲ್ಲ. ನೆಲಕ್ಕೊರಗಿಯೇ ಬಂದವರೊಡನೆ ಮಾತಾಡುತ್ತಾನೆ, ಕಾಯುತ್ತಾನೆ. ನಾನು ಓಡುವುದು ಸಾವನ್ನು ಮುಂದೂಡುವುದಕ್ಕಲ್ಲ. ಆ ಕಾಯುವಿಕೆಯನ್ನು ಮೊಟಕು ಮಾಡಿಕೊಳ್ಳುವುದಕ್ಕೆ.

ಹನ್ನೆರಡನೆಯ ವಾರ ಮುಗಿದ ಮೇಲೆ ಜಮಖಂಡಿಯ ರಸ್ತೆಗೆ ಮರಳಿದೆ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಹತ್ತು ಸಲ. ಟ್ರ್ಯಾಕ್ಟರಿನ ಮೇಲಿದ್ದ ಹುಡುಗನೊಬ್ಬ, “ಏನ್ರೀ ಸರ, ಗಾಡಿ ಬಂದ್ ಬೀಳಾಕತ್ತೈತ್ರಿ” ಎಂದು ಕೂಗಿ ಹೋದ. ಅವನು ಹಿಂದೆ ನನ್ನ ತರಗತಿಯಲ್ಲಿಯೂ ಹೀಗೆಯೇ ಮಾತಾಡುತ್ತಿದ್ದವನು. ವಾರಕ್ಕೆ ಒಂದಿಷ್ಟು ಓಟವನ್ನು ಹೆಚ್ಚಿಸುತ್ತ, ಎರಡು ದಿನ ಓಡಿದರೆ ಒಂದು ದಿನ ಬಿಡುತ್ತ, ಈಗ ಐದು ಕಿಲೋಮೀಟರಿಗೆ ಬಂದಿದ್ದೇನೆ. ಕಟ್ಟೆಯ ಲೆಕ್ಕವನ್ನು ಬಿಟ್ಟಿಲ್ಲ. ರಾತ್ರಿ ಮಲಗುವಾಗ ಬೂಟುಗಳನ್ನು ಬಾಗಿಲ ಬಳಿ ಇಡುತ್ತೇನೆ. ಅವನ್ನು ಹಾಕಿಕೊಳ್ಳುವುದೋ ಬಿಡುವುದೋ ಎಂಬುದನ್ನು ಬೆಳಿಗ್ಗೆ ಬಚ್ಚಲಿನವರೆಗಿನ ಹತ್ತು ಹೆಜ್ಜೆಗಳು ತೀರ್ಮಾನಿಸುತ್ತವೆ. ಎಡಗಾಲಿನ ಹಿಮ್ಮಡಿ ಈಗ ಸುಮ್ಮನಿದೆ. ಬಲಗಾಲಿನ ಮಂಡಿ ಕಳೆದ ವಾರದಿಂದ ಏನನ್ನೋ ಹೇಳತೊಡಗಿದೆ. ಅದರ ಭಾಷೆಯನ್ನು ಇನ್ನು ಕಲಿಯಬೇಕು.