ಅವರೆಗೆ ಬೆರಕೆ ಬಿದ್ದದ್ದು ಯಾವಾಗ?

‘ಮನೆಯ ಬೀಜವನ್ನೇ ಹಾಕಿದ್ದು. ಬಿಳಿ ಹೂವಿನ, ತಿಳಿಹಸಿರು ಕಾಯಿಯ ಚಪ್ಪರದವರೆ. ಈ ಸಲ ಒಂದು ಬಳ್ಳಿಯಲ್ಲಿ ಮಾತ್ರ ನೇರಳೆ ಹೂವು, ನೇರಳೆ ಅಂಚಿನ ಕಾಯಿ. ಆರಿಸಿ ಇಟ್ಟಾಗ ಬೀಜವೆಲ್ಲ ಒಂದೇ ಬಣ್ಣ ಇತ್ತಲ್ಲ?’ ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯ ಓದುಗರೊಬ್ಬರ ಪ್ರಶ್ನೆ ಇದು.

ಬೇರೆ ಬೀಜವೊಂದು ಡಬ್ಬಿಯಲ್ಲಿ ಸೇರಿಕೊಂಡಿದ್ದರೂ ಹೀಗಾಗಬಹುದು. ಆದರೆ ಬೀಜದ ಬಣ್ಣದಲ್ಲಿ ವ್ಯತ್ಯಾಸವೇ ಇರಲಿಲ್ಲ ಎಂದರೆ ನನ್ನ ಅನುಮಾನ ಹೋದ ವರ್ಷದ ಹೂವಿನ ಮೇಲೆ.

ಅವರೆ ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶದ ಬೆಳೆ. ಹೂವು ಅರಳುವ ಹೊತ್ತಿಗಾಗಲೇ ಮಡಿಚಿದ ಎಸಳುಗಳ ಒಳಗೆ ಅದರದ್ದೇ ಪರಾಗ ಸಿಡಿದಿರುತ್ತದೆ. ಆದರೂ ಮರ ಕೊರೆದು ಗೂಡು ಮಾಡುವ ದೊಡ್ಡ ಕಪ್ಪು ದುಂಬಿ ಬಂದು ಕೂತರೆ, ಅದರ ಭಾರಕ್ಕೆ ಪಕ್ಕದ ಎಸಳುಗಳು ಕೆಳಗೆ ಜಗ್ಗಿ ಶಲಾಕಾಗ್ರ ಹೊರಗೆ ಇಣುಕುತ್ತದೆ. ದುಂಬಿಯ ಮೈಗೆ ಅಂಟಿದ್ದ ನೆರೆಮನೆಯ ಪರಾಗಕ್ಕೆ ಅಷ್ಟು ಸಾಕು. ಜತೆಗೆ ನಾಟಿ ಅವರೆ ಹಗಲು ಕುಗ್ಗಿದ ಮೇಲೆಯೇ ಹೂ ಬಿಡುವುದರಿಂದ ಊರಿನ ಚಪ್ಪರಗಳೆಲ್ಲ ಹೆಚ್ಚುಕಮ್ಮಿ ಒಟ್ಟಿಗೇ ಅರಳುತ್ತವೆ.

ಹಾಗಾದರೆ ಬೀಜದಲ್ಲೇ ಗೊತ್ತಾಗಲಿಲ್ಲವೇಕೆ? ಬೀಜದ ಸಿಪ್ಪೆ ತಾಯಿಬಳ್ಳಿಯ ಅಂಗ, ಒಳಗಿನ ಮೊಳಕೆಯದ್ದಲ್ಲ. ಹುಟ್ಟಿದ ಕೂಸನ್ನು ತಾಯಿಯ ಹಳೆಯ ಸೀರೆಯಲ್ಲಿ ಸುತ್ತಿ ಮಲಗಿಸುತ್ತೇವಲ್ಲ, ಸೀರೆಯ ಬಣ್ಣ ನೋಡಿ ಮಗು ಅಪ್ಪನನ್ನು ಹೋಲುತ್ತದೆಯೇ ಎಂದು ಹೇಳಲಾದೀತೆ? ಅದೇ ಬೀಜ ಮೊಳೆತು, ಬಳ್ಳಿಯಾಗಿ, ಹೂ ಬಿಟ್ಟಾಗ ಅಪ್ಪನ ಗುರುತು ಹೊರಬೀಳುತ್ತದೆ. ಅವರೆಯಲ್ಲಿ ನೇರಳೆ ಪ್ರಬಲ ಗುಣವಾದ್ದರಿಂದ ಅದು ಮೊದಲ ತಲೆಮಾರಿನಲ್ಲೇ ಕಾಣಿಸಿಕೊಂಡಿದೆ.

ಇದನ್ನು ಬಟಾಣಿಯಲ್ಲಿ ಕಣ್ಣಿಟ್ಟು ನೋಡಿದವನು ಕ್ರೈಸ್ತ ಸನ್ಯಾಸಿ ಗ್ರೆಗರ್ ಮೆಂಡೆಲ್. 1866ರಲ್ಲಿ ಅಚ್ಚಾದ ಅವನ ಪ್ರಬಂಧದಲ್ಲಿ ಈ ವಿವೇಚನೆಯೇ ಇದೆ: ಕಾಳು ದುಂಡೋ ಸುಕ್ಕೋ ಎಂಬುದು ಬೇಳೆಯ ಗುಣ, ಹಾಗಾಗಿ ಸಂಕರ ಮಾಡಿದ ವರ್ಷವೇ ಕಾಯಿಯೊಳಗೆ ಎಣಿಸಬಹುದು, ಸಿಪ್ಪೆಯ ಬಣ್ಣಕ್ಕೆ ಮುಂದಿನ ಪೀಳಿಗೆಯ ಗಿಡ ಬೆಳೆಯುವವರೆಗೆ ಕಾಯಬೇಕು. ಮಠದ ತೋಟದಲ್ಲಿ ಅವನು ಹುರುಳಿಕಾಯಿ ಗಿಡಗಳನ್ನೂ ಸಂಕರ ಮಾಡಿದ. ಕೆಂಪು ಹೂವಿನದ್ದಕ್ಕೂ ಬಿಳಿ ಹೂವಿನದ್ದಕ್ಕೂ ಹುಟ್ಟಿದ ಸಂಕರ ಗಿಡಗಳ ಮುಂದಿನ ಪೀಳಿಗೆಯಲ್ಲಿ ಹೂವಿನ ಬಣ್ಣ ಕಡುಗೆಂಪಿನಿಂದ ನಸುನೇರಳೆಯವರೆಗೆ ಹರಡಿಕೊಂಡಿತು. ಬಣ್ಣಕ್ಕೆ ಒಂದಕ್ಕಿಂತ ಹೆಚ್ಚು ಅಂಶಗಳು ಕಾರಣವಿರಬಹುದೆಂದು ಅವನು ಆಗಲೇ ಊಹಿಸಿದ್ದ. ವಂಶವಾಹಿ ಎಂಬ ಮಾತೇ ಹುಟ್ಟಿರದ ಕಾಲದಲ್ಲಿ ಎಂಥ ಊಹೆ ಅದು!

ಒಂದು ಬಳ್ಳಿ ಬೇರೆಯಾಯಿತೆಂದು ನಾಟಿ ತಳಿಯೇ ಕೆಟ್ಟಿತೆಂದು ಹೌಹಾರಬೇಕಿಲ್ಲ, ಪೇಟೆಯ ಬೀಜಕ್ಕೆ ಓಡಬೇಕಾಗಿಯೂ ಇಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳು ಹಗಲಿನ ಉದ್ದಕ್ಕೆ ಕಾಯದೆ ಹೂ ಬಿಡುತ್ತವೆ, ಅವನ್ನು ಬೇರೆ ಕಾಲದಲ್ಲಿ ಬಿತ್ತಿ ಬೆರಕೆ ತಪ್ಪಿಸಬಹುದು. ನಾಟಿ ಚಪ್ಪರದವರೆಗೆ ಆ ದಾರಿಯಿಲ್ಲ. ಬೀಜಕ್ಕೆಂದು ಆರಿಸಿದ ಗೊಂಚಲು ಮೊಗ್ಗಿನಲ್ಲಿರುವಾಗಲೇ ತೆಳು ಬಟ್ಟೆಯ ಚೀಲ ಕಟ್ಟಿ. ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ, ಗುರುತಿಗೆ ದಾರ ಸುತ್ತಿ. ನೇರಳೆ ಬಳ್ಳಿಯ ಕಾಯಿಯನ್ನು ಧಾರಾಳವಾಗಿ ಪಲ್ಯ ಮಾಡಿ ಉಣ್ಣಿ, ಬೀಜಕ್ಕೆ ಮಾತ್ರ ಬಿಡಬೇಡಿ. ಈ ವರ್ಷ ಅದರ ಪರಾಗವೂ ಪಕ್ಕದ ಬಿಳಿ ಹೂವುಗಳಿಗೆ ತಲುಪಿರಬಹುದು, ಆದ್ದರಿಂದ ಮುಂದಿನ ವರ್ಷವೂ ಮೊದಲ ಹೂ ಕಂಡ ಕೂಡಲೇ ಪ್ರತಿ ಬಳ್ಳಿಯನ್ನೂ ಒಮ್ಮೆ ನೋಡಿಬಿಡಿ.