ಬಂಗಾರಕ್ಕೆ ಸುಣ್ಣದ ಕಾವಲು

ಕಲ್ಲೂರಿನ ಮಹಾಲಕ್ಷ್ಮಿಯ ದರ್ಶನಕ್ಕೆ ಹೋದವನು ಸುಣ್ಣದ ಹುಚ್ಚು ಹಿಡಿಸಿಕೊಂಡು ಬಂದೆ. ಗುಡಿಯ ಕಟ್ಟೆಯ ಮೇಲೆ ಮಾತಿಗೆ ಸಿಕ್ಕ ಹಿರಿಯರು ಹಟ್ಟಿ ಚಿನ್ನದ ಗಣಿಯ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. ನಾನು ಬಂಗಾರದ ಸುದ್ದಿ ತೆಗೆದರೆ ಅವರು ಸುಣ್ಣದ ಸುದ್ದಿ ತೆಗೆದರು. ‘ಬಂಗಾರ ಎಲ್ಲಿ ಹೋಗ್ತೈತ್ರೀ? ಮೊದ್ಲು ಸುಣ್ಣ ನೋಡ್ರಿ’ ಅಂದರು.

ಹಟ್ಟಿಯ ಕಥೆ ಓದುಗರಿಗೆ ಗೊತ್ತಿರುವುದೇ: ಎರಡು ಸಾವಿರ ವರ್ಷದ ಹಳೆಯ ಅಗೆತ, 1947ರಲ್ಲಿ ನಿಜಾಮರ ಕಾಲದ ಕಂಪನಿ, 2001ರಲ್ಲಿ ಕೆಜಿಎಫ್ ಮುಚ್ಚಿದ ಮೇಲೆ ದೇಶದ ಮುಖ್ಯ ಚಿನ್ನದ ಗಣಿ. ಇಂಥ ಮಿಲ್ಲುಗಳಲ್ಲಿ ಅದಿರನ್ನು ನುಣ್ಣಗೆ ಅರೆದು, ಸೈನೈಡ್ ಬೆರೆತ ನೀರಿನಲ್ಲಿ ಚಿನ್ನ ಕರಗಿಸುತ್ತಾರೆ; ಈ ವಿಧಾನಕ್ಕೆ 1887ರಲ್ಲಿ ಗ್ಲಾಸ್ಗೋದ ಸಂಶೋಧಕರಿಗೆ ಪೇಟೆಂಟ್ ಸಿಕ್ಕಿತು.

ಅಪಾಯವಿರುವುದು ಆ ನೀರಿನ ಪಿಎಚ್‌ನಲ್ಲಿ. 10.5ರ ಮೇಲಿದ್ದರೆ ಸೈನೈಡ್ ಬಹುಪಾಲು ನೀರಲ್ಲೇ ಉಳಿಯುತ್ತದೆ. 9.2ಕ್ಕೆ ಇಳಿದರೆ ಅರ್ಧದಷ್ಟು ಹೈಡ್ರೋಜನ್ ಸೈನೈಡ್ ಆಗಿಬಿಡುತ್ತದೆ. ಅದು ಹಾರಿಹೋಗುವ ವಿಷಾನಿಲ. 8ಕ್ಕೆ ಬಂದರೆ ಶೇ 90ಕ್ಕೂ ಹೆಚ್ಚು. ಗಾಳಿಯ ಇಂಗಾಲದ ಡೈಆಕ್ಸೈಡ್, ಅದಿರಿನ ಗಂಧಕ ಎರಡೂ ಪಿಎಚ್ ಕೆಳಗೆಳೆಯುತ್ತಲೇ ಇರುತ್ತವೆ. ಹಾಗಾಗಿ ಪಿಎಚ್ ಮೇಲೇರಿಸುವ ಸುಣ್ಣವನ್ನು ಒಮ್ಮೆ ಸುರಿದು ಕೈತೊಳೆದುಕೊಳ್ಳುವಂತಿಲ್ಲ, ಹಾಕುತ್ತಲೇ ಇರಬೇಕು.

ನನ್ನನ್ನು ಬಿಡದೆ ಕಾಡಿದ್ದು ಚಿನ್ನದ ಮಿಲ್ಲುಗಳ ಹಳೇ ಪರೀಕ್ಷೆ. ಸೋಸಿದ ದ್ರಾವಣಕ್ಕೆ ಮೊದಲು ಸಿಲ್ವರ್ ನೈಟ್ರೇಟ್ ಹನಿಸಿ ಸೈನೈಡ್ ಎಷ್ಟಿದೆಯೆಂದು ಅಳೆಯುತ್ತಾರೆ. ಬೆಳ್ಳಿ ಸೈನೈಡನ್ನು ಕಟ್ಟಿಹಾಕಿದ ಮೇಲೆ ಅದೇ ಲೋಟಕ್ಕೆ ಫಿನಾಲ್ಫ್ತಲೀನ್ ಬಿಟ್ಟರೆ ನೀರು ಗುಲಾಬಿಯಾಗುತ್ತದೆ; ಆಕ್ಸಾಲಿಕ್ ಆಮ್ಲ ಹನಿಸುತ್ತ ಹೋದರೆ ಬಣ್ಣ ಮಾಯ. ಎಷ್ಟು ಹನಿ ಹಿಡಿಯಿತೋ ಅಷ್ಟು ಸುಣ್ಣ. ಬೆಳ್ಳಿ ಬಿಡದೆ ನೇರ ಆಮ್ಲ ಹನಿಸಿದರೆ ಸೈನೈಡೂ ಆಮ್ಲ ಕುಡಿದು, ಸುಣ್ಣ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ. ಒಂದೇ ಲೋಟದಲ್ಲಿ ಎರಡು ಲೆಕ್ಕ! ಪಿಎಚ್ ಮೀಟರಿನ ಅಂಕಿಗಿಂತ ನನಗೆ ಇದೇ ಹಿಡಿಸಿತು.

ತ್ಯಾಜ್ಯ ನೀರಿನದು ತಿರುಗುಮುರುಗು ಲೆಕ್ಕ. ಹೊರಬಿಡುವ ನೀರಿನ ಪಿಎಚ್ 5.5ರಿಂದ 9ರೊಳಗೆ, ಸೈನೈಡ್ ಲೀಟರಿಗೆ 0.2 ಮಿಲಿಗ್ರಾಂ ದಾಟದಂತೆ ಇರಬೇಕೆಂಬುದು ದೇಶದ ಸಾಮಾನ್ಯ ಮಾನದಂಡ. ಅಂದರೆ ಕಾವಲಿಗಿದ್ದ ಸುಣ್ಣದ ಬಲವನ್ನೇ ತಗ್ಗಿಸಬೇಕು. ಕ್ಲೋರಿನ್ ವಿಧಾನದಲ್ಲಿ ಪಿಎಚ್ 10ರ ಮೇಲಿಟ್ಟೇ ಸೈನೈಡ್ ಮುರಿಯಬೇಕು, ಇಳಿಸುವುದು ಆಮೇಲೆ. ಅವಸರಪಟ್ಟು ಮೊದಲೇ ಆಮ್ಲ ಸುರಿದರೆ ನೀರಿನ ವಿಷ ಗಾಳಿಗೇರುತ್ತದೆ.

ಯಾವುದೇ ಗಣಿ, ಕಾರ್ಖಾನೆಯ ಗೇಟಿನಲ್ಲಿ ‘ಪಿಎಚ್ 8’ ಎಂಬ ಬೋರ್ಡು ಕಂಡು ಸಮಾಧಾನಪಡಬೇಡಿ. ಪಕ್ಕದ ಸಾಲಿನಲ್ಲಿ ಉಳಿದ ವಿಷದ ಅಂಕಿ ಎಷ್ಟಿದೆಯೆಂದು ಕೇಳಿ.