ತವರಿಗೆ ಮರಳುವ ಮೀನು

ಉತ್ತರ ಅಮೆರಿಕದ ಪಶ್ಚಿಮ ಭಾಗದಲ್ಲಿ ಹರಿಯುವ ಮಹಾನದಿಗಳಲ್ಲಿ ಕೊಲಂಬಿಯಾ ಒಂದು. ಕೆನಡಾ ದೇಶದ ಪರ್ವತಗಳ ನಡುವಣ ಸರೋವರವೊಂದರಲ್ಲಿ ಹುಟ್ಟುವ ಈ ನದಿ ಸುಮಾರು 2,000 ಕಿಲೋಮೀಟರು ಹರಿಯುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ವಾಷಿಂಗ್ಟನ್ ಮತ್ತು ಆರೆಗನ್ ರಾಜ್ಯಗಳಿಗೆ ಗಡಿಯಾಗಿ ಸಾಗಿ, ಆಸ್ಟೋರಿಯಾ ಪಟ್ಟಣದ ಬಳಿ ಪೆಸಿಫಿಕ್ ಸಾಗರವನ್ನು ಸೇರುತ್ತದೆ. ನೀರೆಲ್ಲ ಸಾಗರದತ್ತ ಧಾವಿಸುತ್ತಿರುವಾಗ ಅದಕ್ಕೆ ಎದುರಾಗಿ ಈಜುತ್ತ ಪರ್ವತಗಳತ್ತ ನಡೆಯುವ ಜೀವಿಯೊಂದು ಇಲ್ಲಿದೆ. ಅದೇ ಸಾಲ್ಮನ್ ಮೀನು. ಆಗಸ್ಟ್ ತಿಂಗಳು ಬಂತೆಂದರೆ ಈ ಮೀನಿಗಾಗಿ ಅಸಂಖ್ಯ ದೋಣಿಗಳು ನದಿಯ ಮುಖದಲ್ಲಿ ನೆರೆಯುತ್ತವೆ. ಮೊದಲ ಸಲ ಗಾಳ ಹಿಡಿದ ಹೊಸಬರೂ ಅವುಗಳಲ್ಲಿರುತ್ತಾರೆ. ಅಂಥ ಹೊಸಬನೊಬ್ಬ ತನ್ನ ಮೊದಲ ಋತುವಿನಲ್ಲಿ ಏನೇನು ಕಲಿಯಬೇಕಾಗುತ್ತದೆ ಎಂಬುದನ್ನು ನೋಡೋಣ.

ಮೀನನ್ನು ಹಿಡಿಯುವ ಮೊದಲು ಮೀನಿನ ಬಾಳನ್ನು ಅರಿಯಬೇಕು. ಸಾಲ್ಮನ್ ಹುಟ್ಟುವುದು ಸಿಹಿನೀರಿನಲ್ಲಿ. ತಾಯಿಮೀನು ತಣ್ಣನೆಯ ತೊರೆಯ ತಳದ ನೊರಜುಗಲ್ಲುಗಳನ್ನು ಬಾಲದಿಂದ ತೋಡಿ, ಸಾವಿರಾರು ಮೊಟ್ಟೆಗಳನ್ನಿಟ್ಟು ಮುಚ್ಚುತ್ತದೆ. ಮರಿಗಳು ಕೆಲಕಾಲ ನದಿಯಲ್ಲಿ ಬೆಳೆದು ಸಾಗರಕ್ಕೆ ಇಳಿಯುತ್ತವೆ. ಅಲ್ಲಿ ಕೆಲವು ವರ್ಷ ತಿಂದು ಕೊಬ್ಬಿ, ತಾವು ಹುಟ್ಟಿದ ತೊರೆಗೇ ಮರಳುತ್ತವೆ. ಅಷ್ಟು ದೂರದಿಂದ ಅವು ದಾರಿಯನ್ನು ಗುರುತಿಸುವುದು ಹೇಗೆ? ಹುಟ್ಟಿದ ನೀರಿನ ವಾಸನೆ ಎಳವೆಯಲ್ಲಿಯೇ ಮೀನಿನ ನೆನಪಿನಲ್ಲಿ ಅಚ್ಚೊತ್ತಿರುತ್ತದೆ. ಆರ್ಥರ್ ಹ್ಯಾಸ್ಲರ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ 1950ರ ದಶಕದಿಂದ ನಡೆಸಿದ ಸಂಶೋಧನೆಗಳು ಈ ಸಂಗತಿಯನ್ನು ಬೆಳಕಿಗೆ ತಂದವು. ತವರನ್ನು ತಲುಪಿ ಮೊಟ್ಟೆಯಿಟ್ಟ ಮೇಲೆ ಪೆಸಿಫಿಕ್ ಸಾಗರದ ಸಾಲ್ಮನ್ ಹೆಚ್ಚು ದಿನ ಬದುಕುವುದಿಲ್ಲ. ಅದರ ದೇಹವು ಕರಗಿ, ತೊರೆಯ ಜೀವಜಾಲಕ್ಕೆ ಆಹಾರವಾಗುತ್ತದೆ.

ನದಿಯನ್ನೇರುವ ಸಾಲ್ಮನ್ ಕ್ರಮೇಣ ಆಹಾರವನ್ನೇ ಬಿಟ್ಟುಬಿಡುತ್ತದೆ. ಸಾಗರದಲ್ಲಿ ಕೂಡಿಟ್ಟ ಕೊಬ್ಬೇ ಅದರ ಬುತ್ತಿ. ಹಾಗಾದರೆ ಹಸಿವಿಲ್ಲದ ಮೀನು ಗಾಳವನ್ನು ಕಚ್ಚುವುದೇಕೆ? ಹಳೆಯ ಅಭ್ಯಾಸದಿಂದಲೋ ಕೆರಳಿಯೋ ಕಚ್ಚುತ್ತದೆಂದು ಬಲ್ಲವರು ಹೇಳುತ್ತಾರೆ. ಆದ್ದರಿಂದಲೇ ಗಾಳಕ್ಕೆ ಹೆರಿಂಗ್ ಎಂಬ ಸಣ್ಣ ಮೀನನ್ನು ಓರೆಯಾಗಿ ಕೊಯ್ದು ಸಿಕ್ಕಿಸುತ್ತಾರೆ. ನೀರಿನಲ್ಲಿ ಅದು ಗಿರ್ರನೆ ತಿರುಗುತ್ತದೆ. ಕೆಲವರು ಥಳಥಳಿಸುವ ಲೋಹದ ತಗಡುಗಳನ್ನು ಕಟ್ಟುತ್ತಾರೆ. ಇಷ್ಟಾದರೂ ದಿನವಿಡೀ ಕಾದು ಬರಿಗೈಯಲ್ಲಿ ಮರಳುವುದು ಅಪರೂಪವಲ್ಲ. ತಾಳ್ಮೆಯೇ ಹೊಸಬನ ಮೊದಲ ಪಾಠ.

ಎರಡನೆಯ ಪಾಠವನ್ನು ನದಿಯೇ ಕಲಿಸುತ್ತದೆ. ನದಿಯ ಮುಖದಲ್ಲಿ ಸಾಗರದ ಉಬ್ಬರವಿಳಿತಗಳದೇ ಆಳ್ವಿಕೆ. ಉಬ್ಬರದೊಡನೆ ಮೀನು ಒಳಬರುತ್ತದೆ. ದೋಣಿಗಳು ಗಾಳದ ದಾರಗಳನ್ನು ಇಳಿಬಿಟ್ಟು ಅದರ ಜಾಡಿನಲ್ಲಿ ಮೆಲ್ಲಗೆ ಸಾಗುತ್ತವೆ. ಇಳಿತದ ಸೆಳೆತವು ಸಾಗರದ ಅಲೆಗಳನ್ನು ಎದುರಿಸುವ ಜಾಗದಲ್ಲಿ ನೀರು ಗೋಡೆಯಂತೆ ಏಳುತ್ತದೆ. ಅಲ್ಲಿ ಮುಳುಗಿದ ಹಡಗುಗಳು ಎಷ್ಟೋ. ಆದಕಾರಣ ಆ ಕರಾವಳಿಗೆ ‘ಪೆಸಿಫಿಕ್‌ನ ಸ್ಮಶಾನ’ ಎಂಬ ಹೆಸರೇ ಬಿದ್ದಿದೆ.

ಸೆಪ್ಟೆಂಬರ್ ವೇಳೆಗೆ ಮೀನುಗಳು ಮೇಲಕ್ಕೆ ಸಾಗುತ್ತವೆ; ದೋಣಿಗಳೂ ಅವನ್ನು ಹಿಂಬಾಲಿಸುತ್ತವೆ. ಅಲ್ಲಿ ಲಂಗರು ಹಾಕಿ ಸಾಲಾಗಿ ನಿಲ್ಲುವುದು ವಾಡಿಕೆ. ಲಂಗರಿನ ಹಗ್ಗವನ್ನು ಯಾವಾಗಲೂ ದೋಣಿಯ ಮುಂತುದಿಗೇ ಕಟ್ಟಬೇಕು. ಹಿಂಭಾಗಕ್ಕೆ ಕಟ್ಟಿದರೆ ಪ್ರವಾಹದ ರಭಸಕ್ಕೆ ಹಿಂಭಾಗ ತಗ್ಗಿ, ನೀರು ನುಗ್ಗಿ, ದೋಣಿ ಕ್ಷಣಾರ್ಧದಲ್ಲಿ ಮುಳುಗಬಹುದು. ಹಗ್ಗಕ್ಕೊಂದು ತೇಲುಬುರುಡೆಯನ್ನು ಕಟ್ಟಿರುತ್ತಾರೆ. ಮರದ ದಿಮ್ಮಿ ತೇಲಿಬಂದರೆ ಹಗ್ಗವನ್ನು ಬುರುಡೆಸಮೇತ ಕಳಚಿಬಿಟ್ಟು ದೋಣಿಯನ್ನು ಪಾರುಮಾಡಬಹುದು; ಲಂಗರನ್ನು ಆಮೇಲೆ ಹುಡುಕಿಕೊಳ್ಳಬಹುದು. ನೀರಿನ ಚಳಿ ನುರಿತ ಈಜುಗಾರನನ್ನೂ ಸೋಲಿಸಬಲ್ಲುದು. ಆದುದರಿಂದ ತೇಲುವ ಅಂಗಿಯನ್ನು ತೊಡದೆ ದೋಣಿಯೇರುವುದು ಅವಿವೇಕ.

ಇನ್ನು ಮೂರನೆಯ ಪಾಠ. ಇದೇ ಎಲ್ಲಕ್ಕಿಂತ ಕಠಿನವಾದದ್ದು. ಹಲವು ದಿನಗಳ ಕಾಯುವಿಕೆಯ ಬಳಿಕ ಕೋಲು ಫಕ್ಕನೆ ಬಾಗುತ್ತದೆ. ದಾರ ಸರ್ರನೆ ಬಿಚ್ಚಿಕೊಳ್ಳುತ್ತದೆ. ಬಹುಹೊತ್ತಿನ ಸೆಣಸಾಟದ ಅನಂತರ ಬೆಳ್ಳಿಯಂತೆ ಹೊಳೆಯುವ ಮೀನು ದೋಣಿಯ ಪಕ್ಕಕ್ಕೆ ಬರುತ್ತದೆ. ಆಗ ಹೊಸಬನು ಮೊದಲು ನೋಡಬೇಕಾದದ್ದು ಮೀನಿನ ಗಾತ್ರವನ್ನಲ್ಲ. ಅದರ ಬೆನ್ನಿನ ಮೇಲೆ, ಬಾಲಕ್ಕೆ ಸಮೀಪದಲ್ಲಿ, ಬೆರಳ ತುದಿಯಷ್ಟಿರುವ ಒಂದು ಮೆತ್ತನೆಯ ಈಜುರೆಕ್ಕೆಯನ್ನು. ಸಾಕಣೆ ಕೇಂದ್ರಗಳಲ್ಲಿ ಬೆಳೆಸಿದ ಬಹುಪಾಲು ಮರಿಗಳಿಗೆ ಆ ರೆಕ್ಕೆಯನ್ನು ಕತ್ತರಿಸಿ ನದಿಗೆ ಬಿಡುತ್ತಾರೆ. ರೆಕ್ಕೆ ಇಲ್ಲದಿದ್ದರೆ ಅದು ಸಾಕಿದ ಮೀನು, ಇಟ್ಟುಕೊಳ್ಳಬಹುದು. ರೆಕ್ಕೆ ಇದ್ದರೆ ಅದನ್ನು ತೊರೆಯಲ್ಲಿ ತಾನಾಗಿ ಹುಟ್ಟಿದ ಮೀನೆಂದು ಬಗೆದು, ಅನೇಕ ಅವಧಿಗಳಲ್ಲಿ ಬಿಟ್ಟುಬಿಡಲೇಬೇಕೆಂಬುದು ನಿಯಮ. ನೀರಿನಿಂದ ಮೇಲೆತ್ತದೆ, ಕಿವಿರನ್ನು ಮುಟ್ಟದೆ, ಗಾಳವನ್ನು ಮೆಲ್ಲನೆ ಬಿಡಿಸಿ ಅದನ್ನು ಕಳುಹಿಸಿಕೊಡಬೇಕು. ಋತುವಿನಲ್ಲಿ ಸಿಕ್ಕಿದ್ದು ಅದೊಂದೇ ಮೀನಾದರೂ ಸರಿಯೆ!

ಇಷ್ಟೊಂದು ಕಟ್ಟುನಿಟ್ಟು ಏತಕ್ಕೆ? ಇದಕ್ಕೆ ಉತ್ತರ ನದಿಯ ಚರಿತ್ರೆಯಲ್ಲಿದೆ. ಒಂದು ಕಾಲದಲ್ಲಿ ವರ್ಷಕ್ಕೆ ಒಂದು ಕೋಟಿಗೂ ಮಿಕ್ಕಿದ ಸಾಲ್ಮನ್‌ಗಳು ಈ ನದಿಗೆ ಮರಳುತ್ತಿದ್ದವೆಂದು ಅಂದಾಜು. ಅಲ್ಲಿನ ಮೂಲನಿವಾಸಿಗಳು ಸಿಲೈಲೊ ಜಲಪಾತದ ಬಂಡೆಗಳ ಮೇಲೆ ಮರದ ಅಟ್ಟಣೆ ಕಟ್ಟಿ, ಉದ್ದ ಹಿಡಿಯ ಬಲೆಗಳಿಂದ ಸಾವಿರಾರು ವರ್ಷ ಮೀನು ಹಿಡಿದರು. ಆದರೂ ಮೀನು ಬರಿದಾಗಲಿಲ್ಲ. 1866ರಲ್ಲಿ ಮೀನನ್ನು ಡಬ್ಬಿಗಳಲ್ಲಿ ತುಂಬುವ ಮೊದಲ ಕಾರ್ಖಾನೆ ನದಿಯ ದಡದಲ್ಲಿ ಆರಂಭವಾಯಿತು. ಅಲ್ಲಿಂದ ಮುಂದೆ ಮಿತಿಯಿಲ್ಲದ ಬೇಟೆ ನಡೆಯಿತು. ಬಳಿಕ ಅಣೆಕಟ್ಟುಗಳು ಬಂದವು. 1938ರಲ್ಲಿ ಬಾನೆವಿಲ್ ಅಣೆಕಟ್ಟು ಕೆಲಸ ಮಾಡತೊಡಗಿತು. ಅದರಲ್ಲಿ ಮೀನುಗಳು ಹತ್ತಲು ನೀರಿನ ಮೆಟ್ಟಿಲುಗಳಿದ್ದವು. ಮೇಲ್ಭಾಗದ ಗ್ರ್ಯಾಂಡ್ ಕೂಲೀ ಅಣೆಕಟ್ಟಿಗೆ ಅವೂ ಇರಲಿಲ್ಲ. 1957ರಲ್ಲಿ ಡ್ಯಾಲ್ಸ್ ಅಣೆಕಟ್ಟಿನ ನೀರು ಏರಿ, ಸಿಲೈಲೊ ಜಲಪಾತ ಕೆಲವೇ ಗಂಟೆಗಳಲ್ಲಿ ಮುಳುಗಿತು. 1855ರ ಒಪ್ಪಂದಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡಿದ್ದ ಜನರ ಕಣ್ಣೆದುರಿಗೇ ಅವರ ಮೀನುಗಾರಿಕೆಯ ತಾಣ ಮಾಯವಾಯಿತು. ಆ ಹಕ್ಕನ್ನು ಅವರು ಬಿಟ್ಟುಕೊಟ್ಟಿಲ್ಲ. ಇಂದಿಗೂ ಅವರು ಆ ನದಿಯಲ್ಲಿ ಮೀನು ಹಿಡಿಯುತ್ತಾರೆ.

ಅಣೆಕಟ್ಟುಗಳು ನಾಡಿಗೆ ವಿದ್ಯುತ್ತನ್ನೂ ನೀರಾವರಿಯನ್ನೂ ಒದಗಿಸಿದವು ಎಂಬುದು ನಿಜ. ಅದಕ್ಕೆ ಮೀನು ತೆತ್ತ ಬೆಲೆಯೂ ಅಷ್ಟೇ ನಿಜ. ಐಡಹೊ ರಾಜ್ಯದ ರೆಡ್‌ಫಿಶ್ ಸರೋವರ ಸಾಗರದಿಂದ ಸುಮಾರು 1,450 ಕಿಲೋಮೀಟರು ದೂರದಲ್ಲಿದೆ. ಕೆಂಪು ಮೀನುಗಳಿಂದಲೇ ಅದಕ್ಕೆ ಆ ಹೆಸರು. 1992ರಲ್ಲಿ ಎಂಟು ಅಣೆಕಟ್ಟುಗಳನ್ನು ದಾಟಿ ಆ ಸರೋವರಕ್ಕೆ ಮರಳಿದ ಸಾಕೈ ಜಾತಿಯ ಸಾಲ್ಮನ್ ಒಂದೇ ಒಂದು. ಅದೂ ಗಂಡುಮೀನು! ವಿಜ್ಞಾನಿಗಳು ಅದನ್ನೂ ಇತರ ಕೆಲವು ಮೀನುಗಳನ್ನೂ ಆಧರಿಸಿ ಸಂತತಿಯನ್ನು ಬೆಳೆಸಿದರು. 2014ರಲ್ಲಿ 1,500ಕ್ಕೂ ಹೆಚ್ಚು ಮೀನುಗಳು ಮರಳಿದವು. ಆದರೆ ಮರುವರ್ಷವೇ ನದಿಯ ನೀರು ಬಿಸಿಯೇರಿ, ಮರಳುತ್ತಿದ್ದ ಮೀನುಗಳಲ್ಲಿ ಬಹುಪಾಲು ದಾರಿಯಲ್ಲೇ ಸತ್ತವು. ಕೆಡಿಸುವುದು ಸುಲಭ, ಮರಳಿ ಕಟ್ಟುವುದು ಕಷ್ಟ ಎಂಬ ಮಾತಿಗೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಬಾನೆವಿಲ್ ಅಣೆಕಟ್ಟಿನ ಮೀನುಮೆಟ್ಟಿಲಿನ ಬದಿಯಲ್ಲಿ ಗಾಜಿನ ಕಿಟಕಿಯೊಂದಿದೆ. ಹಾದುಹೋಗುವ ಮೀನುಗಳನ್ನು ಅಲ್ಲಿ ಜಾತಿವಾರು ಎಣಿಸುತ್ತಾರೆ. ಎಷ್ಟು ಮೀನು ಹಿಡಿಯಬಹುದು, ಯಾವಾಗ ನಿಲ್ಲಿಸಬೇಕು ಎಂಬುದನ್ನು ನಿರ್ಧರಿಸಲು ಆ ಲೆಕ್ಕವೂ ಆಧಾರ. ಹೊಸಬನು ಮೊದಲ ಋತುವಿನಲ್ಲಿ ಮನೆಗೆ ತರುವ ಮೀನುಗಳು ಒಂದೋ ಎರಡೋ ಇರಬಹುದು. ಆದರೆ ಅವನು ಕೈಯಾರೆ ಬಿಟ್ಟುಕೊಟ್ಟ ಮೀನು ಕೆಲವು ದಿನಗಳ ಬಳಿಕ ಆ ಕಿಟಕಿಯನ್ನು ಹಾದು, ಲೆಕ್ಕದಲ್ಲಿ ಒಂದಾಗಿ ಸೇರಿ, ತನ್ನ ತೊರೆಯತ್ತ ಸಾಗುತ್ತಿರಬಹುದು.